ಜೆನೇಸಿಯುವಿನ ನಾಡಿ

ಮಗಳು ಇವನಿಲ್ಡಿ ಹೆರಿಗೆಯಲ್ಲಿ ರಕ್ತ ಹರಿದು ಕೂಸಿನೊಂದಿಗೆ ಸತ್ತ ದಿನ, ಅಳಿಯ ಜೆನೇಸಿಯು ಮನೆಗಿದ್ದ ಒಂದೇ ದೋಣಿ ತೆಗೆದುಕೊಂಡು ಆಚೆ ದಡಕ್ಕೆ ಫುಟ್‌ಬಾಲ್ ನೋಡಲು ಹೋಗಿದ್ದ. ಜುಲ್ಮೀರಾ ಮೂರು ವರ್ಷ ಅದನ್ನು ನುಂಗಿಕೊಂಡೇ ಬದುಕಿದ್ದಳು. ಅಮೆಜಾನ್ ನದೀಮುಖದ ಆ ದ್ವೀಪಕ್ಕೆ ಅವಳೊಬ್ಬಳೇ ನರ್ಸು. ಎಂದಾದರೊಂದು ದಿನ ಅವನು ತನ್ನ ಕೈಗೆ ಸಿಗುತ್ತಾನೆಂದು ಕಾದಿದ್ದಳು.

ಸಿಕ್ಕ. ಅಸಾಯಿ ತಾಳೆಯ ಹಣ್ಣಿನ ಗೊನೆ ಕೊಯ್ಯಲು ಹತ್ತಿದಾಗ ಆ ಸಪೂರ ಮರ ನಡು ಮುರಿದು ಅವನು ತಲೆಕೆಳಗಾಗಿ ಬಿದ್ದಿದ್ದ. ನೆರೆಯ ದೋರಿವಾಲ್ ಬೆಳಗಿನ ಒಂಬತ್ತಕ್ಕೆ ಅವನನ್ನು ಹಲಗೆಯ ಮೇಲೆ ತಂದ.

“ಗಾಬರಿ ಬೇಡ ದೋನಾ ಜುಲ್ಮೀರಾ. ಮುಟ್ಟಿ ನೋಡಿ, ಒಲೆ ಮೇಲಿನ ಮರಗೆಣಸಿನ ರೊಟ್ಟಿ ಥರ ಬೆಚ್ಚಗಿದಾನೆ. ಕೆಟ್ಟ ಜೀವ, ಅಷ್ಟು ಸುಲಭಕ್ಕೆ ಹೋಗಲ್ಲ.”

“ಅತ್ತೆ, ಕೈಕಾಲು ಎಲ್ಲಿದಾವೋ ಗೊತ್ತಾಗ್ತಿಲ್ಲ,” ಅಂದ ಜೆನೇಸಿಯು.

ರಕ್ತದೊತ್ತಡ ಎಪ್ಪತ್ತು. ನಾಡಿ ನಲವತ್ತೆರಡು. ಚರ್ಮ ಕೆಂಪಗೆ, ಒಣಗಿತ್ತು. ಇಂಥದ್ದನ್ನು ಅವಳು ಕಂಡಿರಲಿಲ್ಲ. ಅರ್ಥ ಮಾಡಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಒತ್ತಡ ಕುಸಿಯುತ್ತಿದೆ, ಸುಮ್ಮನೆ ಕೂತರೆ ಸಾಕು.

ಯೋಜನೆ ತಾನಾಗಿ ಕೂಡಿಬಂತು. ರೇಡಿಯೋದಲ್ಲಿ ಕರೆದರೆ ಆಂಬುಲೆನ್ಸ್ ದೋಣಿ ಒಂದು ಗಂಟೆಯಲ್ಲಿ ಬರುತ್ತದೆ. ಅವಳು ಮಧ್ಯಾಹ್ನ ಕರೆಯುವಳು. ರೇಡಿಯೋ ಆಗಾಗ ಕೈಕೊಡುವುದು ಊರಿಗೇ ಗೊತ್ತು; ಇವನಿಲ್ಡಿ ಸತ್ತ ದಿನವೂ ಕೈಕೊಟ್ಟಿತ್ತು. ದೋರಿವಾಲನ ಕಣ್ಣಿಗೆ ಸಲೈನ್ ಬಾಟಲಿ ತೂಗುಹಾಕಿದಳು, ಒಂದು ಹನಿಯೂ ಇಳಿಯದಂತೆ ಕೊಳವೆಯ ಗಾಲಿಯನ್ನು ಪೂರ್ತಿ ಬಿಗಿದಳು. ಚೀಟಿಯಲ್ಲಿ ‘ಹೊಟ್ಟೆಯೊಳಗೆ ರಕ್ತಸ್ರಾವ’ ಎಂದು ಬರೆದಳು. ಅಂಥವರನ್ನು ಯಾವ ದೋಣಿಯೂ ಉಳಿಸಲಾರದು. ತಡವಾಯಿತೆಂದು ಯಾರೂ ಕೇಳರು. ಕೆಳಗೆ ರಕ್ತಸ್ರಾವಕ್ಕೆ ಒಪ್ಪುವ ಅಂಕಿಗಳನ್ನು ಸರಸರನೆ ತುಂಬಿದಳು.

ಹನ್ನೊಂದರ ಹೊತ್ತಿಗೆ ಅವನ ದನಿ ಇಳಿದಿತ್ತು.

“ಅವತ್ತು ಆಟ ಮುಗಿಯೋಕೆ ಮುಂಚೆನೇ ಬರಬೇಕಿತ್ತು, ಅತ್ತೆ. ದಿನಾ ಅದೇ ನೆನಪು.”

ಈ ಮಾತಿಗಾಗಿ ಅವಳು ಮೂರು ವರ್ಷ ಕಾದಿದ್ದಳು. ಕೈ ಗಾಲಿಯ ತನಕ ಹೋಯಿತು. ಅಲ್ಲೇ ನಿಂತಿತು.

“ಹೌದು, ಬರಬೇಕಿತ್ತು,” ಎಂದು ಕೈ ಹಿಂದೆಗೆದಳು.

ದೋಣಿ ಬರುವ ಮೊದಲೇ ಅವನ ಉಸಿರು ನಿಂತಿತ್ತು. ಅವಳಿಗೆ ಸಮಾಧಾನವಾಗಲಿಲ್ಲ. ಅವನ ಕಣ್ಣು ಮುಚ್ಚುವಾಗ, ಮಗಳನ್ನು ದಿನಾ ನೆನೆಯುತ್ತಿದ್ದ ಇನ್ನೊಬ್ಬನೂ ಹೋದನೆಂದು ಹೊಳೆಯಿತು.

ದೋಣಿಯಲ್ಲಿ ಬಂದ ವೈದ್ಯೆ ಹೆಣದ ಕುತ್ತಿಗೆಯ ಹಿಂದೆ ಬೆರಳಾಡಿಸಿ, ಚೀಟಿಯನ್ನು ಎರಡು ಸಲ ಓದಿದರು: ನಾಡಿ ನೂರ ನಲವತ್ತು, ಮೈಯೆಲ್ಲ ತಣ್ಣನೆ ಬೆವರು. “ಇವನ ಕತ್ತು ಮುರಿದಿದೆ. ಬೆನ್ನುಹುರಿ ತುಂಡಾದ್ರೆ ಹೃದಯಕ್ಕೆ ಓಡು ಅಂತ ಹೇಳೋರೇ ಇರಲ್ಲ, ನಾಡಿ ನಿಧಾನ ಆಗುತ್ತೆ. ರಕ್ತನಾಳ ಸಡಿಲ ಬಿದ್ದು ಒತ್ತಡ ಇಳಿಯುತ್ತೆ, ಆದ್ರೆ ಮೈ ಬೆಚ್ಚಗೇ ಇರುತ್ತೆ, ಬೆವರೋದೇ ಇಲ್ಲ. ಇದು ಇವನ ನಾಡಿ ಅಲ್ಲ. ಯಾರದು ಇದು?” ಹೇಳಬೇಕಾದ ಸುಳ್ಳು ಜುಲ್ಮೀರಾಳ ನಾಲಿಗೆಯ ತುದಿಯಲ್ಲಿತ್ತು. ಚೀಟಿ ನೋಡಿದಳು. ಆ ಅಂಕಿಗಳನ್ನು ತಾನು ಕಟ್ಟಿದ್ದೇನೆಂದುಕೊಂಡಿದ್ದಳು. ಕಟ್ಟಿರಲಿಲ್ಲ, ಮೂರು ವರ್ಷದ ಹಿಂದೆ ಇದೇ ಕೈ ಎಣಿಸಿ ಬರೆದಿದ್ದ ಅಂಕಿಗಳವು, ಕೈಗೆ ಬಾಯಿಪಾಠವಾಗಿದ್ದವು. “ನನ್ನ ಮಗಳದು,” ಎಂದಳು.