ಮಾರ್ತಜ್ಜಿಯನ್ನು ಕುಣಿಸಿದವಳು

"ಯಾರದು? ಮೊದಲು ಅಜ್ಜಿಯ ಲಂಗದೊಳಗಿಂದ ಆಚೆ ಬನ್ನಿ!"

ಆ ಗುಡುಗಿಗೆ ಬೆಚ್ಚಿದ ಅಪೊಲಿನ್ ಧೂಳು ಮೆತ್ತಿದ ಮುಖದಲ್ಲೇ ಹೊರಗೆ ತೆವಳಿದಳು. ಎದುರಿಗೆ ಗಾಸ್ಪಾರ್! ಮಾರ್ತಜ್ಜಿಯನ್ನು ನೋಡಿಕೊಳ್ಳಲು ವಾಲ್‌ಬೆಕ್ ಪುರಸಭೆ ಹೊಸದಾಗಿ ಕರೆಸಿದ್ದ ಬುಟ್ಟಿ ಹೆಣೆಯುವವ.

ಅಯ್ಯೋ, ಇಷ್ಟು ಚೆಂದದ ಕಣ್ಣಿಗೆ ಇಂಥಾ ಸಿಡುಕೇ...

ಮಾರ್ತಜ್ಜಿ ಆ ಪುಟ್ಟ ಊರಿನ ಪ್ರಾಣ. ಎರಡಾಳೆತ್ತರದ ಬೆತ್ತದ ಬೊಂಬೆ. ಹಬ್ಬದ ದಿನ ಲಂಗದೊಳಗೆ ಒಬ್ಬರು ನಿಂತು, ಹೆಗಲ ಮೇಲೆ ಹೊತ್ತು ಕುಣಿಸಬೇಕು. ತಲೆಮಾರುಗಳಿಂದ ಹೊತ್ತವರು ಅಪೊಲಿನ್ ಮನೆಯ ಗಂಡಸರು. ಈಗ ಅಪ್ಪ ಎಮಿಲ್‌ನ ಮಂಡಿ ಕೈಕೊಟ್ಟಿತ್ತು.

"ಭಾನುವಾರದ ಹಬ್ಬಕ್ಕೆ ನಾನೇ ಹೊರೋದು," ಎಂದಳು.

"ಸದ್ಯಕ್ಕೆ ಇದನ್ನ ಮುಟ್ಟಬೇಡಿ."

"ಯಾಕ್ರೀ? ಬ್ರೆಡ್ ಅಂಗಡೀಲಿ ದಿನಾ ಹಿಟ್ಟಿನ ಮೂಟೆ ಹೊರೋಳು ನಾನು! ನಿನ್ನೆ ಮೊನ್ನೆ ಬಂದೋರು ನೀವು..."

ಅವನು ಲಂಗದ ಅಂಚನ್ನು ನೆಲಕ್ಕೆ ಎಳೆದು ಮುಚ್ಚಿದ.

ಮರುದಿನ ಕೆಫೆಯ ಬಾಗಿಲಲ್ಲಿ ಅವನ ದನಿ ಕೇಳಿ ನಿಂತಳು. ಅಪ್ಪನಿಗೆ ಹೇಳುತ್ತಿದ್ದ: "ನಿಮ್ಮ ಮಗಳ ಹೆಗಲಿಗೆ ಇದನ್ನ ಏರಿಸಲ್ಲ, ಎಮಿಲ್. ಸತ್ತರೂ ಏರಿಸಲ್ಲ!"

ಮುಂದಿನ ಮಾತು ಕೇಳಲೂ ನಿಲ್ಲದೆ ಓಡಿದಳು. ಹೆಣ್ಣು ಅಂತ ಇಷ್ಟು ತಾತ್ಸಾರವೇ? ಅಂಥವನನ್ನು ಕಂಡು ನನ್ನ ಮನಸ್ಸು ಯಾಕೆ ಕರಗಬೇಕಿತ್ತು!

ಭಾನುವಾರ ಚೌಕದ ತುಂಬ ಜನ. ಜಗಳಕ್ಕೆ ಸಜ್ಜಾಗಿಯೇ ಬಂದಳು. ಗಾಸ್ಪಾರ್ ಮಾರ್ತಜ್ಜಿಯ ಲಂಗ ಎತ್ತಿ ಹಿಡಿದ.

"ಒಳಗೆ ಬನ್ನಿ."

ಒಳಗೆ ಹಸಿ ಬೆತ್ತದ ಘಮ. ಹೊಸ ಹೆಣಿಗೆ! ಹೆಗಲಪಟ್ಟಿ ಅವಳ ಎತ್ತರಕ್ಕೇ ಇತ್ತು, ಇಣುಕುವ ಕಿಂಡಿ ಅವಳ ಕಣ್ಣಿಗೇ ನೇರ.

"ಹಳೇ ಚೌಕಟ್ಟು ಮುರಿದಿತ್ತು," ಅವನು ಮೆಲ್ಲಗೆ ಹೇಳಿದ. "ಸುದ್ದಿ ಹೊರಬಿದ್ದಿದ್ರೆ ಪುರಸಭೆಯೋರು ಪ್ಲಾಸ್ಟಿಕ್ ಬೊಂಬೆ ತರಿಸ್ತಿದ್ರು. ಮುರುಕಲನ್ನ ನಿಮ್ಮ ಹೆಗಲಿಗೆ ಹೇಗೆ ಏರಿಸಲಿ?"

ಅವಳು ಹೊಸ ಪಟ್ಟಿಗೆ ಹೆಗಲು ಕೊಟ್ಟಳು.

ಡೋಲು ಮೊಳಗಿತು. "ಹುಡುಗಿ ಈಗ ಬೀಳ್ತಾಳೆ ನೋಡ್ತಿರಿ!" ಯಾರೋ ಮುದುಕ ನಕ್ಕ.

ಅಪೊಲಿನ್ ಹಲ್ಲು ಕಚ್ಚಿ ಎತ್ತಿದಳು. ಮಾರ್ತಜ್ಜಿ ಒಮ್ಮೆ ವಾಲಿದಳು... ಜನ ಉಸಿರು ಬಿಗಿಹಿಡಿದರು... ಮರುಕ್ಷಣ ಲಂಗ ಅರಳಿತು! ಗಿರ್ರನೆ ತಿರುಗಿದಳು, ಬಾಗಿದಳು, ಕುಣಿದಳು! ಚೌಕವೆಲ್ಲ ಕೇಕೆ. ನಕ್ಕ ಮುದುಕನ ಟೋಪಿಯೇ ಎಲ್ಲಕ್ಕಿಂತ ಮೇಲೆ ಹಾರಿತು.

"ಅವಳು ನನ್ನ ಮಗಳು ಕಣ್ರೋ!" ಎಮಿಲ್ ಊರುಗೋಲು ಎತ್ತಿ ಕೂಗಿದ.

ಬೆವರಿನಲ್ಲಿ ತೊಯ್ದು ಹೊರಬಂದವಳ ಮುಂದೆ ಗಾಸ್ಪಾರ್ ನಿಂತಿದ್ದ.

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಬೈಯೋವಾಗ... ಇನ್ನೊಂಚೂರು ಬೈಲಿ ಅನ್ನಿಸ್ತಿತ್ತು."

ಅವಳಿಗೆ ನಗು, ಅಳು ಒಟ್ಟಿಗೇ ಬಂತು. "ಈ 'ನೀವು' ಸಾಕು. ನೀನು ಅನ್ನು."

"ಹಾಗಾದ್ರೆ... ನೀನು ನನ್ನ ಜೊತೇಲೇ ಇರ್ತೀಯಾ, ಅಪೊಲಿನ್?"

ಇಡೀ ಊರಿನ ಎದುರೇ ಅವನ ಕೈ ಹಿಡಿದಳು.

"ಇರ್ತೀನಿ ಕಣೋ. ಬೈಯೋಕಾದ್ರೂ ಇರ್ಲೇಬೇಕಲ್ಲ!"