ಆರು, ಹನ್ನೆರಡು, ಹದಿನೆಂಟು

ಅವನು ಮೊದಲ ಸಲ ಅವಳ ಕೈಯನ್ನು ಮುಟ್ಟಿದಾಗ, ಅವಳು ಉಕ್ಕಿನ ಕ್ರೋಶಾ ಕಡ್ಡಿಯನ್ನು ಅವನ ಅಂಗೈಯೊಳಕ್ಕೆ ಇಳಿಸಿದ್ದಳು.

ಬೇಕೆಂದು ಮಾಡಿದ್ದಲ್ಲ. ಹಿಂದಿನಿಂದ ಗಂಡಸಿನ ಕೈಯೊಂದು ಅವಳ ಬೆರಳುಗಳತ್ತ ಚಾಚಿ ಬಂತು, ಅಷ್ಟೇ. ಮನಸ್ಸು ಯೋಚಿಸುವ ಮೊದಲೇ ಮೈ ನೆನಪಿಸಿಕೊಂಡಿತು.

ಕೋಣೆಯಲ್ಲಿದ್ದ ಐವರು ಹೆಂಗಸರ ಕಡ್ಡಿಗಳು ನಿಂತವು. ಮೇಜಿನ ಮೇಲಿದ್ದ ಬಿಳಿಯ ಹತ್ತಿದಾರದ ಉಂಡೆಯ ಮೇಲೆ ಕೆಂಪು ಹನಿಗಳು ಒಂದೊಂದಾಗಿ ಬಿದ್ದವು.

ಈಗ ಹೊಡೆಯುತ್ತಾನೆ...

ತಲೆಯನ್ನು ಭುಜಗಳ ನಡುವೆ ಹುದುಗಿಸಿ, ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದು ಅವಳು ಕಾದಳು. ಏಟು ಬರಲಿಲ್ಲ.

ಅವನು ಕಡ್ಡಿಯನ್ನು ಕಿತ್ತುಕೊಂಡ. ತುದಿಯಲ್ಲಿ ಕೊಕ್ಕೆಯಿದ್ದುದರಿಂದ ಹೊರಬರುವಾಗ ಇನ್ನಷ್ಟು ಚರ್ಮ ಹರಿಯಿತು. ಅಂಗೈಗೆ ಕರವಸ್ತ್ರ ಸುತ್ತಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಅವಳಿಗೆ ಕಾಣುವಂತೆ ಎದುರಿನ ಸ್ಟೂಲಿನ ಮೇಲೆ ಕುಳಿತ.

"ಲ್ಯಾಬಲ್ಲಿ ರಕ್ತ ತೆಗೀತಿದ್ರಂತಲ್ಲ," ಎಂದ. "ಅಭ್ಯಾಸ ತಪ್ಪಿಲ್ಲ ಬಿಡಿ."

ಯಾರೋ ಕಿಸಕ್ಕೆಂದರು.

"ತಪ್ಪು ನಂದೇ. ಹೇಳದೆ ಕೈ ಚಾಚಬಾರದಿತ್ತು. ಇನ್ಮೇಲೆ ಎದುರಿಗೇ ಕೂತು ಹೇಳ್ಕೊಡ್ತೀನಿ."

ತಪ್ಪು ನಂದೇ... ಮನೆಯೊಳಗಿನ ಯಾವ ಗಂಡಸಿನ ಬಾಯಲ್ಲೂ ಅವಳು ಈ ಮಾತನ್ನು ಕೇಳಿರಲಿಲ್ಲ.

ಆಸ್ಪತ್ರೆಯ ಹಿಂಬದಿಯ ಆ ಕೋಣೆಯಲ್ಲಿ ಮಂಗಳವಾರ, ಗುರುವಾರ ಮಧ್ಯಾಹ್ನ ಕೈಗೆ ಪೆಟ್ಟಾದವರಿಗೆ ಕ್ರೋಶಾ ಕಲಿಸುತ್ತಿದ್ದರು. ಬೆರಳುಗಳು ಮರಳಿ ಬಗ್ಗುವುದನ್ನು ಕಲಿಯಲೆಂದು. ಕಲಿಸುವವನು ಕಸುಬಿನಿಂದ ಬಡಗಿ. ಆಸ್ಪತ್ರೆಯ ಮಂಚ, ಕುರ್ಚಿ, ಮೇಜುಗಳ ಮುರಿದ ಕಾಲುಗಳೆಲ್ಲ ಅವನ ಕೈಯಲ್ಲೇ ಕೂಡಿಕೊಂಡಿದ್ದವು. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು.

ಅವಳು ಇದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆರು ವರ್ಷ ರಕ್ತ ತೆಗೆದವಳು. ಅಳುವ ಮಕ್ಕಳ ಕೂದಲೆಳೆಯಂಥ ನರವನ್ನೂ ಒಂದೇ ಚುಚ್ಚಿಗೆ ಹಿಡಿಯುತ್ತಿದ್ದಳು. ಈಗ ಬಲಗೈಯ ಎರಡು ಬೆರಳು ಮುರಿದು, ಸೊಟ್ಟಗೆ ಕೂಡಿಕೊಂಡು, ನಡುಗುತ್ತಿದ್ದವು. ಎಕ್ಸ್‌ರೇ ಚೀಟಿಯಲ್ಲಿ ಕಾರಣವೆಂದು ಅವಳೇ ಬರೆಸಿದ್ದಳು: ಬಚ್ಚಲಲ್ಲಿ ಜಾರಿ ಬಿದ್ದದ್ದು.

ನಿಜ ಬೇರೆಯಿತ್ತು.

ಗಂಡನ ಮನೆಯಲ್ಲಿ ಕನ್ನಡಿಯಂತೆ ಹೊಳೆಯುವ ಊಟದ ಮೇಜೊಂದಿತ್ತು. ಒಂದು ಮಧ್ಯಾಹ್ನ ಅವಳು ಅದರ ಮೇಲೆ ನೀರಿನ ಲೋಟ ಇಟ್ಟು ಮರೆತಳು. ಲೋಟ ಎತ್ತಿದಾಗ ಅಲ್ಲಿ ಒದ್ದೆಯ ಉಂಗುರ ಉಳಿದಿತ್ತು. ಗಂಡ ಅವಳ ಅಂಗೈಯನ್ನು ಆ ಉಂಗುರದ ಮೇಲೆಯೇ ಒತ್ತಿ ಹಿಡಿದು, ಅದೇ ಸ್ಟೀಲಿನ ಲೋಟದ ತಳದಿಂದ ಬೆರಳುಗಳನ್ನು ಜಜ್ಜಿದ್ದ. ಒಂದು... ಎರಡು... ಮೂರನೆಯದಕ್ಕೆ ಮೂಳೆ ಮುರಿದ ಸದ್ದು ಅವಳಿಗೇ ಕೇಳಿತ್ತು.

"ಇನ್ನೊಂದ್ಸಲ ನೆನಪಿರುತ್ತೆ," ಎಂದಿದ್ದ. ಆಮೇಲೆ ಮೇಜನ್ನು ಒರೆಸಿದ್ದ.

ವಿಚ್ಛೇದನವಾಯಿತು. ಕಾಗದದಲ್ಲಿ ಇದ್ದದ್ದು 'ಹೊಂದಾಣಿಕೆಯಾಗಲಿಲ್ಲ' ಎಂಬ ಒಂದೇ ಪದ. "ಮುಗೀತಲ್ಲ ಪುಟ್ಟಿ, ಕೆದಕೋದು ಬೇಡ," ಎಂದು ಅಣ್ಣ ಸಹಿ ಹಾಕಿಸಿದ್ದ. ಅವಳು ಎಡಗೈಯಲ್ಲಿ ಹಾಕಿದ್ದಳು.

*

"ಆರರಿಂದ ಶುರು," ಎಂದ ಮೇಷ್ಟ್ರು, ಮೇಜಿನ ಆಚೆ ತುದಿಯಿಂದ. "ಒಂದು ಉಂಗುರ, ಅದರೊಳಗೆ ಆರು ಕುಣಿಕೆ. ಮುಂದಿನ ಸುತ್ತಿಗೆ ಹನ್ನೆರಡು. ಆಮೇಲೆ ಹದಿನೆಂಟು, ಇಪ್ಪತ್ನಾಲ್ಕು. ಒಂದೊಂದು ಸುತ್ತಿಗೂ ಆರಾರು ಜಾಸ್ತಿ. ಅಷ್ಟು ಮಾಡಿದ್ರೆ ಲೋಟದ ಕೆಳಗೆ ಇಡೋ ಕೋಸ್ಟರ್ ಆಯ್ತು."

"ಜಾಸ್ತಿ ಮಾಡದಿದ್ರೆ?"

"ಬಟ್ಟಲಾಗುತ್ತೆ. ಆರಕ್ಕಿಂತ ಜಾಸ್ತಿ ಸೇರಿಸಿದ್ರೆ ಅಂಚಲ್ಲಿ ಅಲೆ ಏಳುತ್ತೆ."

ಅವಳ ಮೊದಲ ಕೋಸ್ಟರ್ ಬಟ್ಟಲಾಯಿತು. ಎರಡನೆಯದೂ, ಮೂರನೆಯದೂ. ಎಣಿಕೆ ಸರಿಯಿತ್ತು, ಆದರೆ ಪ್ರತಿ ಕುಣಿಕೆಯನ್ನೂ ಅವಳು ಉಸಿರುಗಟ್ಟುವಂತೆ ಬಿಗಿಯುತ್ತಿದ್ದಳು. ಅಂಚು ಹಿಗ್ಗಲಾರದೆ ಒಳಕ್ಕೆ ಬಾಗುತ್ತಿತ್ತು. ಕಡೆಗೆ ಕಡ್ಡಿಯ ತುದಿ ತೂರಲೂ ಜಾಗವಿರುತ್ತಿರಲಿಲ್ಲ.

"ದಾರ ಏನು ಓಡಿಹೋಗುತ್ತೇನಮ್ಮ, ಅಷ್ಟು ಕತ್ತು ಹಿಸುಕ್ತೀಯಾ?" ಎಂದರು ಪಕ್ಕದಲ್ಲಿದ್ದ ಟೀಚರಮ್ಮ. ನಿವೃತ್ತ ಶಿಕ್ಷಕಿ, ಲಕ್ವ ಹೊಡೆದು ಎಡಗೈ ಸೋತಿತ್ತು, ನಾಲಿಗೆ ಸೋತಿರಲಿಲ್ಲ.

ಮೇಷ್ಟ್ರು ಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲೆ ಅವಳ ಕಡೆಗೆ ಉರುಳಿಸಿದ. ಮಾಸಿದ ಹಸಿರು ಬಣ್ಣದ, ಉಜ್ಜಿ ಉಜ್ಜಿ ನುಣುಪಾದ, ಮೊಂಡು ತುದಿಯ ಒಂದು ಕಡ್ಡಿ.

"ಇದರಲ್ಲಿ ಹಾಕಿ ನೋಡಿ. ಬಿಗಿಯೋಕೆ ಹೋದ್ರೆ ಇದೇ ಬಾಗುತ್ತೆ, ಕೆಲಸ ಮಾಡಲ್ಲ. ನೀವೇ ಸಡಿಲ ಬಿಡ್ಬೇಕು." ಆಮೇಲೆ ಮೆಲ್ಲಗೆ ಸೇರಿಸಿದ, "ಮತ್ತೆ ಇದು ಚುಚ್ಚಲ್ಲ."

ಅವಳು ನಕ್ಕಳು. ತನ್ನ ನಗುವಿನ ಸದ್ದು ತನಗೇ ಅಪರಿಚಿತವೆನಿಸಿತು.

ವಾರಗಳು ಕಳೆದವು. ದಾರ ನಿಧಾನವಾಗಿ ಉಸಿರಾಡತೊಡಗಿತು. ಅಂಚು ಒಂದಿಷ್ಟು ಬಿಚ್ಚಿಕೊಂಡಿತು. ಗಾಯ ಮಾಗಿದ ಅವನ ಅಂಗೈಯನ್ನು ಅವಳು ಕದ್ದು ನೋಡುವಳು. ಅವನು ನೋಡಿದಾಗ ಕುಣಿಕೆ ಎಣಿಸುವವಳಂತೆ ತಲೆ ತಗ್ಗಿಸುವಳು.

ಇದೇನು ಹುಚ್ಚು ನನಗೆ... ಗಂಡಸಿನ ಕೈ ಏನೆಂದು ಇನ್ನೂ ತಿಳಿಯಲಿಲ್ಲವೇ?

*

ವಿಚ್ಛೇದನದ ನಂತರ ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಆ ಹಸಿರು ಕಡ್ಡಿಯನ್ನು ಗುರುತಿಸಿದವಳು ಅತ್ತಿಗೆ.

"ಇದು ಹಲ್ಲುಜ್ಜೋ ಬ್ರಷ್ಷಿನ ಹಿಡಿ ಕಣೆ," ಎಂದಳು, ಬೆಳಕಿಗೆ ಹಿಡಿದು. "ನೆಲಕ್ಕೆ ಉಜ್ಜಿ ಮಾಡಿರೋದು. ಉಕ್ಕಿನ ಕಡ್ಡಿ ಕೈಗೆ ಕೊಡದೇ ಇರೋ ಜಾಗದಲ್ಲಿ ಹಿಂಗೆ ಮಾಡ್ಕೋತಾರೆ. ಯಾರದು?"

ಅವಳು ಹೇಳಿದಳು. ಅತ್ತಿಗೆಯ ಮುಖ ಬಿಳಿಚಿತು.

"ಆ ಬಡಗಿನಾ? ಮೂರು ವರ್ಷ ಜೈಲಲ್ಲಿದ್ದ. ಸ್ವಂತ ಮನೆಯವರನ್ನೇ ಹೊಡೆದು... ಏಟು ತಿಂದವರ ಒಂದು ಕಣ್ಣು ಹೋಯ್ತಂತೆ. ಒಂದು ಹುಲಿ ಬಾಯಿಂದ ಬಿಡಿಸ್ಕೊಂಡು ಬಂದು ಇನ್ನೊಂದರ ಗುಹೆಗೆ ಹೊರಟಿದ್ದೀಯಲ್ಲೇ."

ಮಾರನೆಯ ದಿನ ತರಗತಿಗೆ ಮೊದಲೇ ಹೋಗಿ ಅವನ ಎದುರು ನಿಂತಳು.

"ಜೈಲಲ್ಲಿದ್ದಿದ್ದು ನಿಜಾನಾ?"

"ನಿಜ."

"ಮನೆಯವರಿಗೆ ಹೊಡೆದಿದ್ದು?"

ಅವನು ದಾರದ ಉಂಡೆಯನ್ನು ಕೆಳಗಿಟ್ಟ. "ನಿಜ."

"ಯಾಕೆ?"

"ಹೊಡೆದೆ. ಅಷ್ಟೇ ಹೇಳ್ಬಲ್ಲೆ."

ಅವಳು ತಿರುಗಿ ನಡೆದಳು. ಮೆಟ್ಟಿಲು ಇಳಿಯುವಾಗ ಮುರಿದ ಬೆರಳುಗಳು ಮತ್ತೆ ಮುಷ್ಟಿಯಾಗಿದ್ದವು. ಮೋಸ ಮಾಡಿದ್ದು ಅವನಲ್ಲ, ತನ್ನದೇ ಮನಸ್ಸು ಎಂದು ತನ್ನನ್ನೇ ಶಪಿಸಿಕೊಂಡಳು.

ಮುಂದಿನ ಎರಡು ತರಗತಿಗೆ ಹೋಗಲಿಲ್ಲ. ಮನೆಯಲ್ಲಿ ಉಕ್ಕಿನ ಕಡ್ಡಿಯಿಂದ ಹೆಣೆದ ಕೋಸ್ಟರ್ ಮತ್ತೆ ಬಟ್ಟಲಾಯಿತು. ಬಿಚ್ಚಿ ಎಸೆದಳು. ಆದರೂ ಒಂದು ವಿಷಯ ಅವಳನ್ನು ಬಿಡದೆ ಕುಕ್ಕುತ್ತಿತ್ತು. ಅವಳ ಗಂಡನ ಬಳಿ ಪ್ರತಿ ಏಟಿಗೂ ಒಂದು ಕಾರಣವಿರುತ್ತಿತ್ತು. ಉಪ್ಪು, ಬಾಗಿಲು, ಮೇಜು, ಅವಳ ಮೌನ, ಅವಳ ಮಾತು. ಈ ಮನುಷ್ಯ ಮಾತ್ರ ಕೇಳಿದಾಗಲೂ ಕಾರಣ ಕೊಡಲಿಲ್ಲ... ಯಾಕೆ?

*

ಗುರುವಾರ ಮಧ್ಯಾಹ್ನ ಹಸಿರು ಕಡ್ಡಿಯನ್ನು ಹಿಂದಿರುಗಿಸಲೆಂದು ಹೋದಳು. ಅದನ್ನು ಅವನ ಮುಂದಿಟ್ಟು, "ನಿಮ್ಮದು," ಎನ್ನುವಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು.

ಹೊಸ್ತಿಲಲ್ಲಿ ಅವಳ ಹಿಂದಿನ ಗಂಡ ನಿಂತಿದ್ದ.

"ಕೈ ವಾಸಿಯಾಗಿದೆಯಂತೆ. ನಡಿ ಮನೆಗೆ."

"ಯಾವ ಮನೆ?" ಎಂದಳು.

ಅವನು ಒಳಗೆ ಬಂದು ಮೇಜಿನ ಮೇಲಿದ್ದ ಕೋಸ್ಟರ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ, ನಕ್ಕ. "ಇದನ್ನ ಮೊದಲೇ ಕಲ್ತಿದ್ರೆ ನಿನ್ನ ಬೆರಳು ಉಳೀತಿತ್ತಲ್ಲ."

ಟೀಚರಮ್ಮ ಸರಿಯಿದ್ದ ಕೈಯಿಂದ ಸದ್ದಿಲ್ಲದೆ ಫೋನ್ ಎತ್ತಿಕೊಂಡರು.

ಅವನು ಅವಳ ಜಡೆ ಹಿಡಿದು ಎಳೆದ. ಸ್ಟೂಲು ಉರುಳಿತು, ದಾರದ ಉಂಡೆಗಳು ಚೆಲ್ಲಾಪಿಲ್ಲಿಯಾದವು. ಅವಳ ಕೆನ್ನೆ ಮೇಜಿನ ಅಂಚಿಗೆ ಬಡಿದು ಬಾಯಿಯೊಳಗೆ ರಕ್ತದ ರುಚಿ ಹರಡಿತು. ಆ ರುಚಿ ಅವಳಿಗೆ ಹಳೆಯದು.

"ಬಿಡಿ ಅವರನ್ನ," ಎಂದ ಮೇಷ್ಟ್ರು, ನಡುವೆ ಬಂದು.

"ನೀನ್ಯಾವನೋ?"

ಗಾಜಿನ ನೀರಿನ ಜಗ್ಗು ಮೇಷ್ಟ್ರ ಹಣೆಯ ಮೇಲೆ ಒಡೆದು ಚೂರಾಯಿತು. ನೀರೂ ರಕ್ತವೂ ಒಟ್ಟಿಗೆ ಇಳಿದು ಕಣ್ಣು ಮುಚ್ಚಿದವು. ಅವಳು ಕಂಡಳು: ಅವನ ಬಲಗೈ ಮುಷ್ಟಿಯಾಗುತ್ತಿತ್ತು. ಮರ ಸೀಳುವ ತೋಳು ಮೇಲೆದ್ದಿತು. ಆ ಒಂದು ಏಟು ಬಿದ್ದಿದ್ದರೆ ಎದುರಿದ್ದವನು ಏಳುತ್ತಿರಲಿಲ್ಲ.

ಮುಷ್ಟಿ ಬಿಚ್ಚಿಕೊಂಡಿತು.

ಅವನು ಅವಳ ಗಂಡನಾಗಿದ್ದವನ ಹಿಂದೆ ನುಗ್ಗಿ, ಎರಡೂ ತೋಳುಗಳಿಂದ ಅವನನ್ನು ಬಳಸಿ, ತನ್ನ ಒಂದು ಕೈಯಿಂದ ಇನ್ನೊಂದು ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡ. ಆ ಹಿಡಿತ ಎದುರಾಳಿಗಿಂತ ಹೆಚ್ಚಾಗಿ ತನ್ನ ಕೈಗಳಿಗೇ ಹಾಕಿದ ಬೀಗದಂತಿತ್ತು. ಸಿಕ್ಕಿಬಿದ್ದವನು ಒದ್ದ, ಮೊಣಕೈಯಿಂದ ಪಕ್ಕೆಗೆ ತಿವಿದ, ತಲೆಯನ್ನು ಹಿಂದಕ್ಕೆ ಬೀಸಿ ಮೂಗಿಗೆ ಗುದ್ದಿದ. ಹಿಡಿತ ಸಡಿಲವಾಗಲಿಲ್ಲ, ಬಿಗಿಯೂ ಆಗಲಿಲ್ಲ.

"ಆರು..." ಮೇಷ್ಟ್ರ ದನಿ ಕೇಳಿಸಿತು. "ಹನ್ನೆರಡು... ಹದಿನೆಂಟು..."

ಅವನು ಎಣಿಸುತ್ತಿದ್ದ. ಇಪ್ಪತ್ನಾಲ್ಕು. ಮೂವತ್ತು. ಮೂಗಿನಿಂದ ರಕ್ತ ಸುರಿಯುತ್ತಿರಲು, ಒಂದೊಂದು ಸುತ್ತಿಗೂ ಆರಾರು ಸೇರಿಸುತ್ತ. ಪೊಲೀಸರು ಬರುವವರೆಗೂ.

*

ಮಹಿಳಾ ಇನ್‌ಸ್ಪೆಕ್ಟರ್ ಕಾಗದ ಹಿಡಿದು ಕುಳಿತಿದ್ದರು. ಸುದ್ದಿ ತಿಳಿದು ಓಡಿಬಂದ ಅಣ್ಣ ಬಾಗಿಲಲ್ಲಿ ನಿಂತಿದ್ದ.

"ಈ ಹಿಂದೆಯೂ ಕೈ ಮಾಡಿದ್ದನಾ?"

"ಪುಟ್ಟಿ, ಇವತ್ತಿನದಷ್ಟೇ ಹೇಳು," ಎಂದ ಅಣ್ಣ. "ಹಳೇದು ಬೇಡ. ನಾಲ್ಕು ಜನರ ಬಾಯಿಗೆ ಬೀಳೋದು ಬೇಡ."

ಅವಳು ಅಣ್ಣನನ್ನು ನೋಡಿದಳು. ಅವನ ಕಣ್ಣಲ್ಲಿದ್ದದ್ದು ದ್ವೇಷವಲ್ಲ, ಭಯ. ಅದೇ ಭಯವಲ್ಲವೇ ಇಷ್ಟು ದಿನ ತನ್ನ ಕುಣಿಕೆಗಳನ್ನೆಲ್ಲ ಬಿಗಿದದ್ದು?

"ಅಣ್ಣ, ನಾನು ಬಚ್ಚಲಲ್ಲಿ ಬೀಳಲಿಲ್ಲ."

"ಗೊತ್ತು ಪುಟ್ಟಿ..." ಅವನ ದನಿ ಒಡೆಯಿತು. "ಅವತ್ತೇ ಗೊತ್ತಿತ್ತು."

"ಹಾಗಾದ್ರೆ ಪಕ್ಕದಲ್ಲಿ ಕೂತ್ಕೋ. ಕೇಳು."

ಅವಳು ಎಲ್ಲವನ್ನೂ ಹೇಳಿದಳು. ಮೇಜು, ಒದ್ದೆಯ ಉಂಗುರ, ಲೋಟದ ತಳ, ಮೂರು ಏಟು. ಇಂದಿನ ಮಾತನ್ನು ಕೇಳಿದ್ದ ಐವರು ಹೆಂಗಸರೂ ಸಾಕ್ಷಿಗೆ ಬರುವುದಾಗಿ ಹೇಳಿದರು. ಕೊನೆಯಲ್ಲಿ ಸಹಿ ಹಾಕಲು ಲೇಖನಿಯನ್ನು ಬಲಗೈಯಲ್ಲಿ ಹಿಡಿದಳು. ಅಕ್ಷರ ಸೊಟ್ಟಗಿತ್ತು. ಆದರೆ ಅದು ಅವಳದೇ ಕೈಯಾಗಿತ್ತು.

ವಾರ್ಡಿನಲ್ಲಿ ಮೇಷ್ಟ್ರು ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಒರಗಿದ್ದ.

"ಏಳು ಹೊಲಿಗೆ ಹಾಕಿದ್ದಾರೆ," ಎಂದ. "ಆರಕ್ಕಿಂತ ಜಾಸ್ತಿಯಾದ್ರೆ ಅಲೆ ಏಳುತ್ತೆ ಅಂದೆ. ಡಾಕ್ಟ್ರು ಕೇಳ್ಲಿಲ್ಲ."

ಅವಳು ನಗಲಿಲ್ಲ. "ಅವತ್ತು ಯಾಕೆ ಕಾರಣ ಹೇಳ್ಲಿಲ್ಲ?"

ಅವನು ಚಾವಣಿಯನ್ನು ನೋಡಿದ. "ನಮ್ಮಣ್ಣ ಅಮ್ಮನ್ನ ಹೊಡೀತಿದ್ದ. ಬಿಡಿಸೋಕೆ ಹೋದೆ. ಮೊದಲನೇ ಏಟು ಅಮ್ಮನಿಗೋಸ್ಕರ. ಅಷ್ಟಕ್ಕೇ ಬಿದ್ದುಬಿಟ್ಟ. ಆಮೇಲಿನದೆಲ್ಲ... ನನಗೋಸ್ಕರ. ಕಣ್ಣು ಹೋಗಿದ್ದು ಆಮೇಲಿನದರಲ್ಲಿ."

"ಇದನ್ನೇ ಹೇಳಿದ್ರೆ ಆಗ್ತಿತ್ತಲ್ಲ."

"ಹೇಳಿದ್ರೆ ನೀವು ಅಮ್ಮನ ಕಥೆ ಕೇಳಿ ಕ್ಷಮಿಸಿಬಿಡ್ತಿದ್ರಿ. ಕಾರಣ ಕೇಳಿ ಕೇಳಿ ಸಾಕಾಗಿರೋರಿಗೆ ನಾನೂ ಒಂದು ಕಾರಣ ಹಿಡ್ಕೊಂಡು ನಿಲ್ಲೋದಾ?"

ಅವಳ ಕಣ್ಣು ತುಂಬಿ ಬಂತು. ಅವಳು ಬೆನ್ನು ತಿರುಗಿಸಲಿಲ್ಲ.

*

ನಾಲ್ಕು ತಿಂಗಳ ನಂತರ, ಒಂದು ಭಾನುವಾರದ ಬೆಳಿಗ್ಗೆ, ಅವಳು ಅವನ ಬಡಗಿ ಅಂಗಡಿಗೆ ಹೋದಳು. ಹಿಂದಿನ ಸೋಮವಾರ ಪ್ರಯೋಗಾಲಯದ ಕೆಲಸಕ್ಕೆ ಮರಳಿದ್ದಳು. ಅವಳ ಹಿಂದಿನ ಗಂಡ ಜಾಮೀನಿಲ್ಲದೆ ಒಳಗಿದ್ದ. ಅಣ್ಣ ಪ್ರತಿ ವಿಚಾರಣೆಗೂ ಅವಳ ಜೊತೆ ಬರುತ್ತಿದ್ದ.

ಚೀಲದಿಂದ ಎರಡು ಕೋಸ್ಟರ್ ತೆಗೆದಳು. ಸಮತಟ್ಟಾಗಿ, ಅಂಚು ಬಾಗದೆ, ಅಲೆ ಏಳದೆ ಮಲಗಿದ್ದವು.

ಅವನು ತಿರುಗಿಸಿ ತಿರುಗಿಸಿ ನೋಡಿದ. "ಮೇಷ್ಟ್ರಿಗೆ ಇನ್ನೇನೂ ಕೆಲಸ ಉಳಿದಿಲ್ಲ."

ಅಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಗೂಡಿನಲ್ಲಿದ್ದ ಒಂದು ಪುಟ್ಟ ಬಟ್ಟಲು. ಅದರ ತುಂಬ ಮೊಳೆಗಳು. ಬಿಳಿಯ ದಾರದ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಹಳೆಯ ರಕ್ತದ ಕಲೆ.

"ನನ್ನ ಮೊದಲನೇದು..."

"ಕೋಸ್ಟರ್ ಆಗದಿದ್ರೇನು. ಗಟ್ಟಿಯಾಗಿದೆ. ಒಂದು ಮೊಳೆನೂ ಬಿದ್ದಿಲ್ಲ."

ಅವನು ಕುಡಿಯಲು ನೀರು ತಂದು, ಎರಡು ಲೋಟಗಳನ್ನೂ ಹೊಸದಾಗಿ ಮೆರುಗು ಹಾಕಿದ ಮೇಜಿನ ಮೇಲೆ ಹಾಗೆಯೇ ಇಟ್ಟ. ಅವಳು ತಟ್ಟನೆ ಮುಂದೆ ಬಾಗಿದಳು. ಲೋಟ ಎತ್ತಿ ತೋಳಿನ ಬಟ್ಟೆಯಿಂದ ಮೇಜನ್ನು ಒರೆಸತೊಡಗಿದಳು.

"ಬಿಡಿ."

"ಉಂಗುರ ಉಳಿಯುತ್ತೆ."

"ಉಳೀಲಿ. ಮರಕ್ಕೆ ನೀರು ಹೊಸದಾ?"

ಒರೆಸುತ್ತಿದ್ದ ಕೈ ನಿಂತಿತು. ಅವಳು ಲೋಟವನ್ನು ಮೆಲ್ಲಗೆ, ಬೇಕೆಂದೇ, ಬರಿಯ ಮರದ ಮೇಲೆ ಇಟ್ಟಳು. ಎತ್ತಿದಳು. ಒದ್ದೆಯ ಉಂಗುರವೊಂದು ಬೆಳಕಿನಲ್ಲಿ ಹೊಳೆಯಿತು. ಯಾರೂ ಕೂಗಲಿಲ್ಲ. ಅವನು ತನ್ನ ಲೋಟವನ್ನು ಅದರ ಪಕ್ಕಕ್ಕೆ, ಅಂಚು ತಾಗುವಂತೆ ಇಟ್ಟು ಎತ್ತಿದ.

"ಹಾಗಾದ್ರೆ ಇವು ಯಾತಕ್ಕೆ?" ಎಂದಳು, ಕೋಸ್ಟರುಗಳನ್ನು ತೋರಿಸಿ.

"ಯಾರಾದ್ರೂ ಬಂದ್ರೆ ತೋರಿಸೋಕೆ. ನಮ್ಮ ಮನೆಯವಳು ಮಾಡಿದ್ದು ಅಂತ."

ಅವಳು ತಲೆಯೆತ್ತಿದಳು. ಅವನು ಮೇಜಿನ ಆಚೆ ಬದಿಯಲ್ಲೇ ಇದ್ದ. ಎದುರಿಗೆ, ಅವಳಿಗೆ ಕಾಣುವಂತೆ.

"ನಾನೀಗ ಕೈ ಚಾಚ್ತಾ ಇದೀನಿ," ಎಂದ. "ಮೊದಲೇ ಹೇಳ್ಬಿಟ್ಟಿದ್ದೀನಿ."

ಅವಳು ತನ್ನ ಸೊಟ್ಟ ಬೆರಳುಗಳ ಬಲಗೈಯನ್ನು ಆ ಎರಡು ಉಂಗುರಗಳ ನಡುವೆ, ಅಂಗೈ ಮೇಲಾಗಿ ಇಟ್ಟಳು.

"ಕಡ್ಡಿ ಮನೇಲೇ ಬಿಟ್ಟು ಬಂದಿದ್ದೀನಿ."