ಜುಲೈ ಒಂದನೇ ತಾರೀಖಿನ ರವಿಕೆ

ಚಿತ್ರನಟಿ ಪದ್ಮರೇಖಾ ಹುಟ್ಟಿದ್ದು ಜುಲೈ ಒಂದನೇ ತಾರೀಖು ಎಂದು ಮೆಹಬೂಬ್ ಪಾಷಾನಿಗೆ ಗೊತ್ತಿತ್ತು. ತಾನು ಮದುವೆಯಾಗಲಿದ್ದ ಶಕೀಲಾ ಹುಟ್ಟಿದ್ದು ಯಾವತ್ತು ಎಂದು ಗೊತ್ತಿರಲಿಲ್ಲ. ಜಗಳ ಶುರುವಾದದ್ದು ಅಲ್ಲಿಂದ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಜೂನ್ ತಿಂಗಳು. ಮದ್ದೂರಿನ ಶಿಂಷಾ ಹೊಳೆಯ ದಡದ ಬಯಲಿನಲ್ಲಿ ಮರಿಸಿದ್ದಯ್ಯನವರ ಟೆಂಟು ಸಿನಿಮಾ ಬೀಡುಬಿಟ್ಟಿತ್ತು. ಮೆಹಬೂಬ್ ಅದರ ಆಪರೇಟರು. ಆಯಿಲ್ ಎಂಜಿನ್ ಓಡಿಸುವವನೂ ಅವನೇ, ರೀಲು ಬಿಡುವವನೂ ಅವನೇ. ಶಕೀಲಾ ಪೇಟೆ ಬೀದಿಯ ದರ್ಜಿ ಖಾಸಿಂ ಸಾಹೇಬರ ಮಗಳು. ಅಪ್ಪ ಮೆಷಿನ್ನಿನಲ್ಲಿ ಹೊಲಿದ ಬಟ್ಟೆಗೆ ಅವಳು ಒಳಮನೆಯಲ್ಲಿ ಕೂತು ಹುಕ್ಕು, ಕಾಜ, ಅಂಚು ಮುಗಿಸಿಕೊಡುತ್ತಿದ್ದಳು. ಹರಿದ ಸಿನಿಮಾ ಪರದೆಗೆ ಹೊಲಿಗೆ ಹಾಕಿಸಲು ಬಂದ ಮೆಹಬೂಬ್, ಹೊಲಿಗೆ ಮುಗಿದ ಮೇಲೂ ಅಂಗಡಿಗೆ ಬರುತ್ತಲೇ ಇದ್ದ. ಹಿರಿಯರು ನೋಡಿದರು, ಅವನ ಮನೆತನ ವಿಚಾರಿಸಿದರು, ರಂಜಾನ್ ಕಳೆದ ಮೇಲೆ ನಿಕಾಹ್ ಎಂದು ಮಾತಾಯಿತು.

ಮಾತಾದ ಮೇಲೆ ಅವನು ಅಂಗಡಿಯ ಬೆಂಚಿನ ಮೇಲೆ, ಅವಳು ಬಾಗಿಲ ಪರದೆಯ ಹಿಂದೆ. ಪರದೆಯ ಸಂದಿಯಲ್ಲಿ ಒಂದು ಕಣ್ಣು, ಒಂದು ಕೆನ್ನೆ, ದಾರ ಎಳೆಯುವ ಒಂದು ಕೈ. ಅಷ್ಟರಲ್ಲೇ ಇಬ್ಬರ ದಿನವೂ ತುಂಬುತ್ತಿತ್ತು.

ಹೀಗಿರುವಾಗ ಮರಿಸಿದ್ದಯ್ಯನವರಿಗೆ ಒಂದು ಯೋಚನೆ ಹೊಳೆಯಿತು. ಟೆಂಟಿನಲ್ಲಿ ಓಡುತ್ತಿದ್ದದ್ದು ಪದ್ಮರೇಖಾಳ ಚಿತ್ರ. ಅವಳ ಹುಟ್ಟುಹಬ್ಬ ಜುಲೈ ಒಂದಕ್ಕೆ ಎಂದು ಯಾವುದೋ ಸಿನಿಮಾ ಪತ್ರಿಕೆಯಲ್ಲಿ ಬಂದಿತ್ತು. ಐದು ವರ್ಷದ ಹಿಂದೆ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿದ್ದೂ ಅದೇ ತಾರೀಖು. ಎರಡನ್ನೂ ಸೇರಿಸಿ ಆಚರಿಸಿದರೆ ಟೆಂಟು ತುಂಬುತ್ತದೆ ಎಂದು ಅವರು ಲೆಕ್ಕ ಹಾಕಿದರು. ಆದರೆ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲಿಗೆ ಎರಡೇ ಸಂಗತಿ ಸಾಲದು. ಆ ತಾರೀಖಿನಲ್ಲಿ ಇನ್ನೇನೇನು ನಡೆದಿದೆ ಎಂದು ಊರೆಲ್ಲ ಕೇಳುತ್ತಾ ಹೊರಟರು.

ಎಳನೀರು ಮಾರುವ ಚಿಕ್ಕಬೋರಯ್ಯ, ಜಿಲ್ಲೆಯಾಯಿತೆಂದು ತಮಟೆ ಹೊಡೆದ ದಿನವೇ ತನ್ನ ಎಮ್ಮೆ ಅವಳಿ ಕರು ಹಾಕಿತೆಂದು ಹೇಳಿದ. ಹೂವಿನ ಮಲ್ಲಿಗಮ್ಮ, ತಾನು ಅತ್ತೆಯ ಜೊತೆ ಮಾತು ಬಿಟ್ಟದ್ದು ಆವತ್ತೇ ಎಂದೂ, ಆ ನೆಮ್ಮದಿಗೆ ವರ್ಷಾವರ್ಷ ಅದೇ ದಿನ ಒಬ್ಬಟ್ಟು ಮಾಡುತ್ತೇನೆಂದೂ ಹೇಳಿದಳು. ಮರಿಸಿದ್ದಯ್ಯ ಯಾವುದನ್ನೂ ಬಿಡದೆ ಅಚ್ಚು ಹಾಕಿಸಿದರು. ಮೇಲೆ ಜಿಲ್ಲೆ, ನಡುವೆ ಪದ್ಮರೇಖಾ, ಕೆಳಗೆ ಎಮ್ಮೆ, ಒಬ್ಬಟ್ಟು.

ಇದನ್ನೆಲ್ಲ ಮೆಹಬೂಬ್ ಅಂಗಡಿಯ ಬೆಂಚಿನ ಮೇಲೆ ಕೂತು ಓದಿ ಹೇಳಿದ. ಪದ್ಮರೇಖಾಳ ಹೆಸರು ಬಂದಾಗ ಅವನ ದನಿ ಸ್ವಲ್ಪ ನಯವಾಯಿತು, ಅಥವಾ ಶಕೀಲಾಗೆ ಹಾಗೆ ಕೇಳಿಸಿತು.

ಮನೆಯಲ್ಲಿ ಅವರ ಮಾತು ಉರ್ದು. ಜಗಳಕ್ಕೆ ಮಾತ್ರ ಶಕೀಲಾಗೆ ಬೀದಿಯ ಕನ್ನಡವೇ ಬೇಕು. ಪರದೆಯ ಹಿಂದಿನಿಂದ ಅವಳು ಕೇಳಿದಳು:

"ಅವ್ಳು ಉಟ್ಟಿದ್ ದಿನ ಗೊತ್ತು. ನಾನುಟ್ಟಿದ್ ದಿನ ಗೊತ್ತಾ?"

ಮೆಹಬೂಬ್ ಹ್ಯಾಂಡ್‌ಬಿಲ್ಲನ್ನು ಮಡಿಸತೊಡಗಿದ. ಅವಳ ತಾಯಿ ಜಾನ್ ಬೀ ಅಡಿಗೆಮನೆಯಿಂದಲೇ ನೆರವಿಗೆ ಬಂದು, ಕಾವೇರಿಗೆ ದೊಡ್ಡ ನೆರೆ ಬಂದ ವರ್ಷದ ಚಳಿಗಾಲದಲ್ಲಿ ಇವಳು ಹುಟ್ಟಿದ್ದೆಂದು ಹೇಳಿದರು. ತಾರೀಖು ಹೆತ್ತವರಿಗೇ ಗೊತ್ತಿಲ್ಲದ ಮೇಲೆ ಅವನಿಗೆ ಹೇಗೆ ಗೊತ್ತಿರಬೇಕು ಎಂದರು. ಅದು ನ್ಯಾಯವಾದ ಮಾತೇ. ಆದರೆ ಹೊಟ್ಟೆಕಿಚ್ಚಿಗೆ ನ್ಯಾಯ ಹಿಡಿಸುವುದಿಲ್ಲ.

ಶಕೀಲಾ ಆ ಚಿತ್ರವನ್ನು ಹೆಂಗಸರ ಕಡೆ ಕೂತು ಎರಡು ಸಲ ನೋಡಿದ್ದಳು. ಪದ್ಮರೇಖಾ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಸುತ್ತಲಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರೆ ಶಕೀಲಾ ಬೇರೆಯೇ ಯೋಚಿಸುತ್ತಿದ್ದಳು. ಈ ಮುಖವನ್ನು ಅವನು ದಿನವೂ ನೋಡುತ್ತಾನೆ. ರೀಲು ತುಂಡಾದರೆ ಈ ಮುಖವನ್ನು ಬೆರಳ ಮೇಲೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು, ಅಂಟು ಹಚ್ಚಿ ಕೂಡಿಸುತ್ತಾನೆ. ನನ್ನ ಬೆರಳ ತುದಿಯನ್ನೂ ಅವನು ಇನ್ನೂ ಮುಟ್ಟಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮೈಸೂರಿಗೆ ಬಂದಿದ್ದ ಪದ್ಮರೇಖಾ ಮದ್ರಾಸಿಗೆ ಮರಳುವಾಗ ಮದ್ದೂರಿನಲ್ಲಿ ಇಳಿದು ಆವತ್ತಿನ ಸಮಾರಂಭಕ್ಕೆ ಬರಲು ಒಪ್ಪಿದ್ದಳು.

ಜುಲೈ ಒಂದರ ಬೆಳಿಗ್ಗೆ ಊರಿಗೆ ಊರೇ ಸ್ಟೇಷನ್ನಿನಲ್ಲಿತ್ತು. ಯುದ್ಧಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಅಕ್ಕಿ ಗಿರಣಿಯವರ ಇದ್ದಿಲು ಗ್ಯಾಸಿನ ಕಾರನ್ನು ಕೇಳಿ ತಂದಿದ್ದರು. ಅದನ್ನು ಕೆಮ್ಮಿಸದೆ ಓಡಿಸಬಲ್ಲವನು ಮೆಹಬೂಬ್ ಒಬ್ಬನೇ ಆದ್ದರಿಂದ ಅವನೇ ಡ್ರೈವರು. ಕಾರು ಪೇಟೆ ಬೀದಿಯಲ್ಲಿ ಹಾದುಹೋದಾಗ ಶಕೀಲಾ ಕಿಟಕಿಯಲ್ಲಿದ್ದಳು. ಅವಳು ಹಿಂದಿನ ಸೀಟನ್ನು ನೋಡಲಿಲ್ಲ. ಅವನ ಮೈಮೇಲಿದ್ದ ಬಿಳಿ ಶರ್ಟನ್ನು ನೋಡಿದಳು. ಅದು ನಿಕಾಹ್‌ಗೆಂದು ಅಪ್ಪ ಹೊಲಿದ ಶರ್ಟು. ಅದರ ಒಂದೊಂದು ಕಾಜವನ್ನೂ ಅವಳು ಕೂದಲೆಳೆಯಷ್ಟು ಹತ್ತಿರ ಹತ್ತಿರ ಹೊಲಿಗೆ ಹಾಕಿ ಮಾಡಿದ್ದಳು.

ಕಿಟಕಿ ಮುಚ್ಚಿ ಒಳಗೆ ಬಂದು ಕೂತಳು. ಜಾನ್ ಬೀ ತಿಂಡಿಗೆ ಕರೆದರೆ ಹಸಿವಿಲ್ಲ ಎಂದಳು.

ಮಧ್ಯಾಹ್ನ ಮೆಹಬೂಬ್ ಓಡುತ್ತಾ ಬಂದ. ಖಾಸಿಂ ಸಾಹೇಬರು ಬಟ್ಟೆ ತಲುಪಿಸಲು ದುದ್ದಕ್ಕೆ ಹೋಗಿದ್ದರು. ಅಂಗಡಿ ಖಾಲಿ. ಅವನು ಪರದೆಯ ಹತ್ತಿರ ನಿಂತು ತನ್ನ ಕರ್ಚೀಫಿನಲ್ಲಿ ಸುತ್ತಿದ್ದ ಏನನ್ನೋ ಒಳಗೆ ಚಾಚಿದ. ಬಿಚ್ಚಿದರೆ ಎಳೆ ಹಸಿರು ರೇಷ್ಮೆಯ ರವಿಕೆ. ಕಾರಿನ ಬಾಗಿಲಿಗೆ ಸಿಕ್ಕಿ ಬಲ ಪಕ್ಕೆಯ ಹೊಲಿಗೆ ಹರಿದುಹೋಗಿತ್ತು. ಸೀರೆಗೆ ಹೊಂದುವುದು ಅದೊಂದೇ, ಸಮಾರಂಭಕ್ಕೆ ಹೊತ್ತಾಗುತ್ತಿದೆ, ಬೇಗ ಆಗಬೇಕು ಎಂದ. ರವಿಕೆಯಿಂದ ಸೆಂಟಿನ ಪರಿಮಳ ಬರುತ್ತಿತ್ತು. ಕರ್ಚೀಫಿನಿಂದಲೂ ಬರುತ್ತಿತ್ತು.

"ಒಸಿ ಬಿರ್ನೆ ಒಲ್ಕೊಡು," ಎಂದ.

ಮದುವೆಯಾಗುವ ಗಂಡು, ಮದುವೆಯ ಶರ್ಟು ತೊಟ್ಟು, ಇನ್ನೊಬ್ಬಳ ರವಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಶಕೀಲಾ ಕೈ ಚಾಚಿದಳು. ರವಿಕೆ ತೆಗೆದುಕೊಂಡಳು. ಸೂಜಿಗೆ ಹಸಿರು ದಾರ ಪೋಣಿಸಿದಳು. ಹರಿದ ಪಕ್ಕೆಯನ್ನು ಹೊಲಿಗೆ ಎಲ್ಲಿದೆ ಎಂದೇ ತಿಳಿಯದ ಹಾಗೆ ಹೊಲಿದಳು. ಹೊಲಿಯುವಾಗ ಎರಡು ಬೆರಳಿನಷ್ಟು ಒಳಕ್ಕೆ ಹಿಡಿದಳು. ಆಮೇಲೆ, ಹರಿಯದೇ ಇದ್ದ ಎಡ ಪಕ್ಕೆಯನ್ನೂ ಅಷ್ಟೇ ಒಳಕ್ಕೆ ಹಿಡಿದು ಹೊಲಿದಳು. ದಾರ ಕಚ್ಚಿ ತುಂಡು ಮಾಡಿ, ಮಡಿಸಿ ಕೊಟ್ಟಳು.

ಅವನು ಹೋದ ಮೇಲೆ ಅವಳ ಕಣ್ಣು ಅಪ್ಪನ ಮೆಷಿನ್ನಿನ ಮೇಲೆ ಬಿತ್ತು. ಈ ಬೀದಿಯಲ್ಲಿ ಅಪ್ಪ ಯಾರ ಬಟ್ಟೆಯನ್ನೂ ಕೆಡಿಸಿದವರಲ್ಲ.

ಸ್ವಲ್ಪ ಹೊತ್ತಿಗೇ ಕರೆ ಬಂತು. ಹೊಲಿದವರೇ ಪದ್ಮರೇಖಾ ಇಳಿದಿದ್ದ ಟ್ರಾವಲರ್ಸ್ ಬಂಗಲೆಗೆ ಬರಬೇಕಂತೆ. ಜಾನ್ ಬೀ ಬುರ್ಖಾ ತೊಟ್ಟು ಮಗಳ ಜೊತೆ ಹೊರಟರು.

ಬಂಗಲೆಯ ಕೋಣೆಯಲ್ಲಿ ಪದ್ಮರೇಖಾ ಶಾಲು ಹೊದ್ದು ಕುರ್ಚಿಯ ಮೇಲೆ ಕೂತಿದ್ದಳು. ಪರದೆಯ ಮೇಲೆ ಕಾಣುವುದಕ್ಕಿಂತ ಚಿಕ್ಕ ಹೆಂಗಸು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಆದರೂ ಚೆಲುವೆಯೇ. ಹತ್ತಿರದಿಂದ ಅವಳು ಚೆಲುವೆಯಾಗಿ ಕಾಣದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ ಶಕೀಲಾಗೆ ಇನ್ನಷ್ಟು ಸಂಕಟವಾಯಿತು.

ಪದ್ಮರೇಖಾ ಜಾನ್ ಬೀಯವರನ್ನು ವರಾಂಡದಲ್ಲಿ ಕೂರಿಸಿ, ರವಿಕೆಯನ್ನು ತಿರುವಿ ಹಿಡಿದಳು.

"ಹರಿದದ್ದು ಒಂದು ಕಡೆ. ಹೊಲಿದದ್ದು ಎರಡು ಕಡೆ. ಯಾಕಮ್ಮ?"

ಕೈತಪ್ಪಾಯಿತು ಎನ್ನಬಹುದಿತ್ತು. ಶಕೀಲಾಗೆ ಆ ಸುಳ್ಳು ನಾಲಗೆಗೆ ಬರಲಿಲ್ಲ.

"ಬೇಕಂತ್ಲೇ ಒಲ್ದೆ. ಒಟ್ಟೆ ಉರೀತಿತ್ತು."

ಯಾರ ಸಲುವಾಗಿ ಎಂದು ಪದ್ಮರೇಖಾ ಕೇಳಿದಳು. ಶಕೀಲಾ ಕಿಟಕಿಯತ್ತ ನೋಡಿದಳು. ಹೊರಗೆ ಮರದ ಕೆಳಗೆ ಮೆಹಬೂಬ್ ಕಾರಿನ ಬೂದಿ ಕೆದಕುತ್ತಿದ್ದ. ಬಿಳಿ ಶರ್ಟಿನ ತೋಳಿಗೆ ಇದ್ದಿಲ ಮಸಿ.

ಪದ್ಮರೇಖಾಗೆ ನಗು ಬರಲಿಲ್ಲ. ಊರಿಗೆ ಊರು ಕಾದು ಕೂತಿರುವಾಗ ಇಂಥ ಕೆಲಸ ಮಾಡಬಹುದೇ ಎಂದು ಚೆನ್ನಾಗಿಯೇ ಬೈದಳು. ಬೈದು ಮುಗಿಸಿ, ಕತ್ತರಿ ಸೂಜಿ ಮುಂದಕ್ಕೆ ತಳ್ಳಿ ಹೇಳಿದಳು:

"ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ಬಹಳ ಕಂಡಿದ್ದೇನೆ. ಎದುರಿಗೆ ನಿಂತು ಹೇಳಿದವಳು ನೀನೊಬ್ಬಳೇ. ಬಿಚ್ಚಿ ಸರಿಯಾಗಿ ಹೊಲಿ."

ಶಕೀಲಾ ನೆಲದ ಮೇಲೆ ಕೂತು ಹೊಲಿಗೆ ಬಿಚ್ಚತೊಡಗಿದಳು. ಆಗ ಪದ್ಮರೇಖಾ, ಯಾವ ಕೇಡೂ ಮನಸ್ಸಿನಲ್ಲಿಲ್ಲದೆ, ಆ ಹುಡುಗ ಸ್ಟೇಷನ್ನಿನಿಂದ ಬರುವಾಗ ಮದ್ರಾಸಿನ ಸ್ಟುಡಿಯೋದಲ್ಲಿ ಕೆಲಸ ಕೊಡಿಸಲು ಕೇಳಿಕೊಂಡನೆಂದೂ, ತಾನು ಆಗಲಿ ಎಂದೆನೆಂದೂ ಹೇಳಿದಳು. "ನಿನಗೆ ಹೇಳಿಲ್ಲವೇ?"

ಸೂಜಿ ಬೆರಳಿಗೆ ಚುಚ್ಚಿತು. ರೇಷ್ಮೆಗೆ ರಕ್ತ ತಾಗದ ಹಾಗೆ ಬೆರಳನ್ನು ಬಾಯಲ್ಲಿಟ್ಟುಕೊಂಡು ಶಕೀಲಾ ತಲೆಯಾಡಿಸಿದಳು. ಇಲ್ಲ, ಹೇಳಿಲ್ಲ. ಇಷ್ಟು ದಿನ ಉರಿದದ್ದು ಬರೀ ನೆರಳಿಗೆ. ಈಗ ಆ ನೆರಳಿಗೆ ಊರಿತ್ತು, ರೈಲಿತ್ತು.

ಇಳಿಹೊತ್ತಿಗೆ ಸಮಾರಂಭ ನಡೆಯಿತು. ಜಿಲ್ಲೆಯ ಹೆಸರು ಬಂದಾಗ ಚಪ್ಪಾಳೆ, ಪದ್ಮರೇಖಾ ಎದ್ದು ಕೈಮುಗಿದಾಗ ಸಿಳ್ಳೆ. ಚಿಕ್ಕಬೋರಯ್ಯನ ಎಮ್ಮೆಗೆ ಹಾರ ಹಾಕಿ ವೇದಿಕೆಯ ಮುಂದೆ ತಂದರು. ಮಲ್ಲಿಗಮ್ಮ ಎಲ್ಲರಿಗೂ ಒಬ್ಬಟ್ಟು ಹಂಚಿದಳು, ಎರಡನೇ ಸಾಲಿನಲ್ಲಿದ್ದ ಅತ್ತೆಯೊಬ್ಬಳನ್ನು ಬಿಟ್ಟು. ಹಸಿರು ರವಿಕೆ ಪದ್ಮರೇಖಾಗೆ ಹೇಳಿ ಮಾಡಿಸಿದಂತೆ ಕೂತಿತ್ತು.

ಶಕೀಲಾ ಒಳಗೆ ಹೋಗಲಿಲ್ಲ. ತಾಯಿಗೆ ಹೇಳಿಯೇ ಟೆಂಟಿನ ಹಿಂದೆ ಎಂಜಿನ್ನಿನ ತಡಿಕೆಯ ಹತ್ತಿರ ಹೋದಳು. ಜಾನ್ ಬೀ ಕೂಗಳತೆಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಹೊಳೆಯ ಕಡೆ ಮುಖ ಮಾಡಿದರು. ಮೆಹಬೂಬ್ ಎಂಜಿನ್ ಒರೆಸುತ್ತಿದ್ದ. ಪರದೆಯಿಲ್ಲದೆ ಇಬ್ಬರೂ ಎದುರಾದದ್ದು ಇದೇ ಮೊದಲು.

"ಮದ್ರಾಸ್ಗೋಯ್ತೀಯಂತೆ."

ಅವನ ಕೈ ನಿಂತಿತು. ಯಾರು ಹೇಳಿದರೆಂದು ಕೇಳಲಿಲ್ಲ. ತಗ್ಗಿದ ದನಿಯಲ್ಲಿ ನಡೆದದ್ದನ್ನು ಹೇಳಿದ. ಹೋದ ಶುಕ್ರವಾರ ಖಾಸಿಂ ಸಾಹೇಬರು ಅವನನ್ನು ಮಸೀದಿಯ ಹೊರಗೆ ನಿಲ್ಲಿಸಿಕೊಂಡಿದ್ದರು. ಟೆಂಟಿನ ಜೊತೆ ಊರೂರು ಅಲೆಯುವವನ ಹಿಂದೆ ಮಗಳನ್ನು ಕಳಿಸಲಾರೆ, ಒಂದು ಕಡೆ ನೆಲೆ ನಿಲ್ಲು, ಇಲ್ಲವಾದರೆ ಈ ನಿಕಾಹ್ ಬೇಡ ಎಂದಿದ್ದರು. ಯಾರನ್ನು ಕೇಳಬೇಕೋ ಅವನಿಗೆ ತಿಳಿಯಲಿಲ್ಲ. ದೊಡ್ಡವರು ಎಂದು ಪದ್ಮರೇಖಾಳನ್ನು ಕೇಳಿದ. ಕೆಲಸ ಕೇಳಲು ಹೋಗುವವನಿಗೆ ಹರಿಯದೇ ಇದ್ದ ಶರ್ಟು ಅದೊಂದೇ ಇತ್ತು.

ಶಕೀಲಾಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ನಂಗೊಂದ್ಮಾತು ಏಳ್ಬಾರ್ದಿತ್ತಾ?"

"ಏಳಿದ್ರೆ ಅಳ್ತಿದ್ದೆ."

"ಅಳ್ತಿರ್ಲಿಲ್ಲ. ಅಪ್ಪನ್ ಜೊತೇಲಿ ಜಗ್ಳ ಆಡ್ತಿದ್ದೆ."

ಅವನು ಮೆಲ್ಲಗೆ, ರವಿಕೆಯನ್ನು ಯಾಕೆ ಬಿಗಿ ಮಾಡಿದೆ ಎಂದು ಕೇಳಿದ. ಅವಳು ಮುಖ ತಿರುಗಿಸಿಕೊಂಡಳು. ಆಮೇಲೆ ಎಲ್ಲವನ್ನೂ ಹೇಳಿಯೇಬಿಟ್ಟಳು.

"ದಿನಾ ಅವ್ಳ ಮುಖ ಬೆರಳ್ ಮ್ಯಾಲಿಟ್ಕಂಡು ಅಂಟಿಸ್ತೀಯ. ನನ್ ಮುಖ ಒಂದಿನಾದ್ರೂ ನೆಟ್ಟಗೆ ನೋಡಿದ್ದೀಯಾ?"

ಮೆಹಬೂಬ್ ಒರೆಸುವ ಬಟ್ಟೆ ಕೆಳಗಿಟ್ಟ. ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಮಚ್ಚೆ ಇದೆ ಎಂದ. ದಾರ ಕಚ್ಚುವಾಗ ಮೂಗು ಒಂದು ಕಡೆ ವಾಲುತ್ತದೆ. ನಗು ಬಂದರೆ ಮೊದಲು ಹುಬ್ಬು ನಗುತ್ತದೆ, ತುಟಿ ಆಮೇಲೆ. ಸಿಟ್ಟು ಬಂದರೆ ಕಿವಿಯ ತುದಿ ಕೆಂಪಾಗುತ್ತದೆ.

"ಪರದೆ ಸಂದೀಲಿ ಕಾಣ್ಸೋದು ಅಷ್ಟೇಯ. ಕಾಣ್ಸಿದ್ದೆಲ್ಲಾನೂ ನೋಡಿದ್ದೀನಿ."

ಶಕೀಲಾಳ ಕಿವಿಯ ತುದಿ ಕೆಂಪಾಗಿತ್ತು, ಈ ಸಲ ಸಿಟ್ಟಿಗಲ್ಲ. ಟೆಂಟಿನೊಳಗೆ ಮರಿಸಿದ್ದಯ್ಯನವರ ಭಾಷಣ ನಡೆದೇ ಇತ್ತು. ಅವಳು ಎಂಜಿನ್ನಿನ ಕಡೆಗೆ ನೋಡಿ ಕೇಳಿದಳು, ಮದ್ರಾಸು ನಿಜವಾಗಿ ಬೇಕೋ ಎಂದು. ಬೇಡ, ಅವನು ಹೇಳಿದ. ಜನ ಸಿಳ್ಳೆ ಹಾಕುವುದು ಕಿವಿಗೆ ಬೀಳದ ಕಡೆ ತನಗೆ ಕೆಲಸ ಮಾಡಿ ಗೊತ್ತಿಲ್ಲ. ಆದರೆ ಅವಳು ಬೇಕು.

"ಅಂಗಾರೆ ಅಪ್ಪನ್ ತಾವ ನಾನ್ ಮಾತಾಡ್ತೀನಿ. ಟೆಂಟ್ ಓದ್ ಕಡೆ ನಾನೂ ಬತ್ತೀನಿ."

ಆ ಸಂಜೆ ದುದ್ದದಿಂದ ಮರಳಿದ ಖಾಸಿಂ ಸಾಹೇಬರು ಮಗಳ ಮಾತಿಗೆ ಖಡಾಖಂಡಿತವಾಗಿ ಒಲ್ಲೆ ಎಂದರು. ಬಟ್ಟೆಯ ಮನೆಯಲ್ಲಿ ಸಂಸಾರ ಮಾಡುತ್ತೀಯಾ ಎಂದರು. ಶಕೀಲಾ ಅಳಲಿಲ್ಲ. ಅವನನ್ನು ಮದ್ರಾಸಿಗೆ ಕಳಿಸಿ ತಾನು ಇಲ್ಲಿ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಕೂರಬೇಕೇ ಎಂದು ಕೇಳಿ, ರವಿಕೆಯ ಕತೆಯನ್ನು ತಾನೇ ಹೇಳಿದಳು. ಖಾಸಿಂ ಸಾಹೇಬರ ಮೆಷಿನ್ನು ನಿಂತುಹೋಯಿತು. ಮೂರು ದಿನ ಮಗಳೊಂದಿಗೆ ಮಾತಾಡಲಿಲ್ಲ. ನಾಲ್ಕನೇ ದಿನ ಹೆಂಡತಿಯ ಕಡೆ ತಿರುಗಿ, ಟೆಂಟಿನಲ್ಲಿ ಕೈಮೆಷಿನ್ ಇಡಲು ಒಣಗಿದ ಜಾಗ ಇದೆಯೇ ಕೇಳಿ ನೋಡು ಎಂದರು.

ರಂಜಾನ್ ಕಳೆಯಿತು, ನಿಕಾಹ್ ಆಯಿತು. ಮಳೆ ಹಿಂದಾದ ಮೇಲೆ ಟೆಂಟು ಮಳವಳ್ಳಿಗೆ ಹೊರಟಿತು. ಮುಂದಿನ ಗಾಡಿಗಳಲ್ಲಿ ಗೂಟ, ಹಗ್ಗ, ಎಂಜಿನ್ನು. ಕೊನೆಯ ಗಾಡಿಯಲ್ಲಿ ಮಡಿಸಿದ ಪರದೆಯ ಮೇಲೆ ಶಕೀಲಾ, ಮಡಿಲಲ್ಲಿ ಕೈಮೆಷಿನ್ನು. ಗಾಡಿಯ ಪಕ್ಕದಲ್ಲಿ ಮೆಹಬೂಬ್ ನಡೆಯುತ್ತಿದ್ದ.

ದಾರಿಯ ಒಂದು ಹಳ್ಳಿಯ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹುಡುಗಿಯೊಬ್ಬಳು ಇವತ್ತು ಯಾವ ಊರಲ್ಲಿ ಆಟ ಎಂದು ಅವನನ್ನು ನಗುನಗುತ್ತಾ ಕೇಳಿದಳು. ಅವನೂ ನಗುನಗುತ್ತಾ ಹೇಳಿದ.

"ಮುಂದ್ಕೆ ನೋಡ್ಕಂಡ್ ನಡಿ," ಎಂದಳು ಶಕೀಲಾ ಗಾಡಿಯ ಮೇಲಿಂದ.

"ಮುಂದೆ ಎತ್ತಿನ ಬಾಲ ಬುಟ್ರೆ ಏನೂ ಇಲ್ವಲ್ಲ."

"ಅದ್ನೇ ನೋಡು."

ಮೆಹಬೂಬ್ ನಾಲ್ಕು ಹೆಜ್ಜೆ ಮುಂದೆ ಹೋಗಿ, ಗಾಡಿಯ ಕಡೆಗೆ ತಿರುಗಿ ನಿಂತ. ಆಮೇಲೆ ಅವಳ ಮುಖವನ್ನೇ ನೋಡುತ್ತಾ ಹಿಂದು ಹಿಂದಕ್ಕೆ ನಡೆಯತೊಡಗಿದ. ಬೀಳ್ತೀಯ ಎಂದು ಗಾಡಿಯವನು ಗದರಿದ. ಶಕೀಲಾ ಸೆರಗು ಎಳೆದುಕೊಳ್ಳಲು ಹೋದವಳು ಎಳೆದುಕೊಳ್ಳಲಿಲ್ಲ. ಮುಖ ಎತ್ತಿ ಕೂತಳು, ಎಷ್ಟು ಬೇಕೋ ಅಷ್ಟು ನೋಡಲಿ ಎಂದು. ಕಬ್ಬಿನ ಗದ್ದೆಗಳ ನಡುವಿನ ಆ ರಸ್ತೆಯಲ್ಲಿ ಅವನು ಮಳವಳ್ಳಿಯ ಕೆರೆ ಕಾಣುವವರೆಗೂ ಹಾಗೆಯೇ ನಡೆದ.